ದಾವಣಗೆರೆಯ ಕಣ ಬೆಂಗಳೂರು ಮುಟ್ಟುವಷ್ಟರಲ್ಲಿ

ನಾನು ದಾವಣಗೆರೆಯಲ್ಲಿ ಫಾರ್ಮಸಿ ಪಾಠ ಮಾಡುವವನು. ಪಿಎಚ್‌ಡಿಗೆ ಹಿಡಿದಿದ್ದು ಮೂಗಿಗೆ ಹಾಕುವ ಲಸಿಕೆಗೆ ಬೇಕಾದ ನ್ಯಾನೊ ಕಣ. "ಯಾವ ರೋಗಕ್ಕಪ್ಪಾ ನಿನ್ನ ಲಸಿಕೆ?" ಅಂತ ಅತ್ತೆ ಕೇಳಿದರು. "ಸದ್ಯಕ್ಕೆ ಯಾವ ರೋಗಕ್ಕೂ ಇಲ್ಲ ಅತ್ತೆ, ಡಬ್ಬಿ ಮಾತ್ರ ಮಾಡ್ತಿದೀನಿ" ಅಂದೆ. ನಿಜವೂ ಅದೇ. ಒಳಗೆ ತುಂಬಿದ್ದು ದನದ ರಕ್ತದ ಆಲ್ಬುಮಿನ್ ಪ್ರೋಟೀನ್, ಅಭ್ಯಾಸಕ್ಕೆ.

ಇಡೀ ರೋಗಾಣುವಿನ ಬದಲು ಅದರ ಒಂದು ತುಂಡು ಪ್ರೋಟೀನ್ ಕೊಟ್ಟರೆ ಅಪಾಯ ಕಡಿಮೆ. ಆದರೆ ಬಿಡಿ ತುಂಡನ್ನು ದೇಹ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಣವಾಗಿ ಕೊಟ್ಟರೆ ರಕ್ಷಣಾ ಕೋಶಗಳು ಬೇಗ ನುಂಗುತ್ತವೆ. ಹುಟ್ಟಿದ ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯಲ್ಲಿರುವುದೂ ಸುಮಾರು 22 ನ್ಯಾನೊಮೀಟರ್ ಕಣವೇ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್).

ನನ್ನ ಡಬ್ಬಿ ಕೈಟೋಸಾನ್‌ದು. ಸಿಗಡಿ ಚಿಪ್ಪಿನಿಂದ ಬರುತ್ತದೆ, ಧನ ವಿದ್ಯುದಂಶ ಇರುವುದರಿಂದ ಮೂಗಿನ ಲೋಳೆಗೆ ಅಂಟುತ್ತದೆ. ಅದನ್ನು 1% ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಸ್ಟಿರರ್ ಎಂಬ ಕಲಕುವ ಯಂತ್ರದ ಮೇಲಿಟ್ಟು, ಟಿಪಿಪಿ ಎಂಬ ಉಪ್ಪಿನ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟೆ. ಎರಡೂ ಸೇರಿದಾಗ ಕಣ ಕಟ್ಟುತ್ತದೆ. ಪ್ರೋಟೀನನ್ನು ಆ ಉಪ್ಪಿನ ನೀರಿಗೇ ಬೆರೆಸಿದ್ದೆ. ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ, ಬೆಳಕಿಗೆ ಹಿಡಿದರೆ ತುಸು ನೀಲಿ ಹೊಡೆದರೆ ಕೈ ನಿಲ್ಲಿಸಬೇಕು. ಇನ್ನೆರಡು ಹನಿ ಅಂತ ಆಸೆಬಿದ್ದರೆ ಹಾಲು ಒಡೆದಂತೆ ಚೂರು ಚೂರು. ಮೊದಲ ತಿಂಗಳು ಚೆಲ್ಲಿದ್ದೇ ಜಾಸ್ತಿ.

ಕಣದ ಗಾತ್ರ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಥರ್ಮಾಸಿನಲ್ಲಿ ಐಸ್ ತುಂಬಿ ರಾತ್ರಿ ಬಸ್ ಹತ್ತಿದೆ. ಸುಮಾರು 260 ಕಿಲೋಮೀಟರ್ ಕುಲುಕಾಟ. ಬೆಂಗಳೂರಲ್ಲಿ ಬಂದ ಅಂಕಿ 1400 ನ್ಯಾನೊಮೀಟರ್! ದಾರಿಯಲ್ಲೇ ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಸ್ಸಿಗೇ ತಾಳದ ಕಣ ಹಳ್ಳಿಯ ಆರೋಗ್ಯ ಕೇಂದ್ರ ಮುಟ್ಟೀತೇ?

ಆಮೇಲೆ ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡಲು ಹೊರಟೆ. ಸುಮ್ನೆ ಒಣಗಿಸಿದರೆ ನೀರಿಗೆ ಹಾಕಿದಾಗ ಬಿಡಿಸಿಕೊಳ್ಳದ ಹಪ್ಪಳ. ಒಮ್ಮೆಯಂತೂ ಅರ್ಧದಲ್ಲಿ ಕರೆಂಟ್ ಹೋಗಿ ಎಲ್ಲಾ ಕರಗಿತು. ಕೊನೆಗೆ ಕೈಹಿಡಿದದ್ದು ಟ್ರೆಹಲೋಸ್ ಎಂಬ ಸಕ್ಕರೆ, 5%. ಕಣಗಳ ನಡುವೆ ಕೂತು ಅಂಟದ ಹಾಗೆ ತಡೆಯುತ್ತದೆ. ಈ ಸಲ ಅದೇ ಬಸ್ಸಿನಲ್ಲಿ ಬರೀ ಪುಡಿ ಒಯ್ದೆ. ಅಲ್ಲೇ ನೀರು ಹಾಕಿ ಅಳೆದರೆ 340 ನ್ಯಾನೊಮೀಟರ್.

ಈಗ ಎರಡು ಸೀಸೆ ಪುಡಿಯನ್ನು ಫ್ರಿಜ್ಜಿನಲ್ಲಿಡದೆ, ನಮ್ಮೂರ ಮೇ ತಿಂಗಳ ಸೆಕೆಗೆ ಬೀರುವಿನಲ್ಲೇ ಬಿಟ್ಟಿದ್ದೇನೆ. ಆಗಸ್ಟಿನಲ್ಲಿ ಮತ್ತೆ ಬಸ್ಸು.