ಗಾಳಿಗೆ ಕೊಡುವ ಪಾಲು: ಹವ್ಯಾಸಿ ಸೈಕಲ್ ಸವಾರನೊಬ್ಬನ ಅನುಭವ

ಏರೋಡೈನಾಮಿಕ್ಸ್, ಅಂದರೆ ಗಾಳಿಯ ತಡೆಯನ್ನು ತಗ್ಗಿಸುವ ವಿದ್ಯೆ, ಪಂದ್ಯ ಗೆಲ್ಲಲು ಹೊರಟವರ ತಲೆನೋವು, ಹವ್ಯಾಸಕ್ಕೆ ರೋಡ್ ಬೈಕ್ ತುಳಿಯುವವರಿಗೆ ಅದರ ಗೊಡವೆ ಬೇಡ ಎಂಬ ಮಾತು ಸವಾರರ ನಡುವೆ ಆಗಾಗ ಕೇಳಿಬರುತ್ತದೆ. ತುಳಿತದ ಶಕ್ತಿಯನ್ನು ಅಳೆಯುವ ಪವರ್ ಮೀಟರನ್ನು ಸೈಕಲ್ಲಿಗೆ ಹಾಕಿಸಿದ ಮೇಲೆ, ನಾನು ತುಳಿಯುವ ವಾಟ್‌ಗಳು ಎಲ್ಲಿ ಖರ್ಚಾಗುತ್ತವೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಸಿಕ್ಕ ಉತ್ತರ ಆ ಮಾತಿಗೆ ತೀರ ವಿರುದ್ಧವಾಗಿತ್ತು.

ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ತೂಕ, ಸಾಧಾರಣ ಟೈರುಗಳು, ಸಮತಟ್ಟಾದ ರಸ್ತೆ, ಗಾಳಿ ಬೀಸದ ದಿನ ಎಂದಿಟ್ಟುಕೊಳ್ಳೋಣ. ಗಂಟೆಗೆ ಸುಮಾರು 17 ಕಿ.ಮೀ. ವೇಗದಲ್ಲಿಯೇ ಗಾಳಿಯ ಪ್ರತಿರೋಧವು ಟೈರುಗಳ ಉರುಳು ಘರ್ಷಣೆಗೆ ಸಮನಾಗುತ್ತದೆ. ಅಲ್ಲಿಂದ ಮುಂದೆ ಗಾಳಿಯದೇ ಮೇಲುಗೈ. 30 ಕಿ.ಮೀ. ವೇಗಕ್ಕೆ ಬೇಕಾಗುವ ಸುಮಾರು 145 ವಾಟ್‌ಗಳಲ್ಲಿ 110ರಷ್ಟು ಗಾಳಿಯನ್ನು ಸರಿಸುವುದಕ್ಕೇ ಹೋಗುತ್ತದೆ. ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿಯೂ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿಯೂ ಏರುವುದರಿಂದ ಹೀಗಾಗುತ್ತದೆ. ಎದುರುಗಾಳಿ ಇದ್ದರಂತೂ ನಿಧಾನವಾಗಿ ಹೋಗುವವರಿಗೂ ವಿನಾಯಿತಿ ಇಲ್ಲ. 20 ಕಿ.ಮೀ. ವೇಗದಲ್ಲಿ ಸಾಗುವಾಗ 15 ಕಿ.ಮೀ. ವೇಗದ ಗಾಳಿ ಎದುರಿಗೆ ಬೀಸಿದರೆ, ಗಾಳಿಗಾಗಿ ಸುರಿಯಬೇಕಾದ ಶಕ್ತಿ ಗಾಳಿಯಿಲ್ಲದ ದಿನಕ್ಕಿಂತ ಮೂರು ಪಟ್ಟಾಗುತ್ತದೆ.

ಈ ಪ್ರತಿರೋಧದಲ್ಲಿ ಸೈಕಲ್ಲಿನ ಪಾಲು ಕಡಿಮೆ. ಮುಕ್ಕಾಲು ಪಾಲು ಸವಾರನ ದೇಹದ್ದೇ. ಆದ್ದರಿಂದ ನಾನು ಹೊಸ ಚಕ್ರಗಳ ಕಡೆ ನೋಡದೆ ಮೊದಲು ಕೂರುವ ಭಂಗಿಗೆ ಕೈಹಾಕಿದೆ. ಯಾವ ಭಂಗಿ ಎಷ್ಟು ವಾಸಿ ಎಂದು ತಿಳಿಯಲು ಗಾಳಿ ಸುರಂಗವೇನೂ ಬೇಕಿಲ್ಲ. ವಾಹನ ಸಂಚಾರ ವಿರಳವಾಗಿರುವ, ನೇರವಾದ ಒಂದು ಇಳಿಜಾರು ಸಾಕು. ಗಾಳಿ ಅಲುಗಾಡದ ಮುಂಜಾನೆ, ಒಂದೇ ಗುರುತಿನಿಂದ ನಿಂತ ಸ್ಥಿತಿಯಲ್ಲಿ ಹೊರಟು, ಪೆಡಲ್ ತುಳಿಯದೆ ಉರುಳಿ, ಕೆಳಗಿನ ಇನ್ನೊಂದು ಗುರುತಿನ ಬಳಿ ವೇಗ ಎಷ್ಟಿದೆ ಎಂದು ಬರೆದುಕೊಳ್ಳುತ್ತಿದ್ದೆ. ಒಂದು ಭಂಗಿಯ ಓಟಗಳನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಎರಡನ್ನೂ ಒಂದಾದ ಮೇಲೊಂದರಂತೆ ಮಾಡುವುದು ಮುಖ್ಯ. ಬಿಸಿಲೇರಿದಂತೆ ಗಾಳಿಯ ಸಾಂದ್ರತೆಯೂ ಟೈರಿನ ಘರ್ಷಣೆಯೂ ಬದಲಾಗುತ್ತವೆ. ಹೀಗೆ ಮಾಡಿದರೆ ಆ ವ್ಯತ್ಯಾಸ ಎರಡೂ ಭಂಗಿಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಬಟ್ಟೆ, ಟೈರಿನ ಒತ್ತಡ, ನೀರಿನ ಬಾಟಲಿ ಯಾವುದನ್ನೂ ನಡುವೆ ಬದಲಿಸಬಾರದು.

ಈ ಪರೀಕ್ಷೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಮೊಣಕೈಗಳ ವಿಷಯ. ಡ್ರಾಪ್ಸ್ (ಹ್ಯಾಂಡಲ್‌ಬಾರ್‌ನ ಕೆಳಕ್ಕೆ ಬಾಗಿದ ಭಾಗ) ಹಿಡಿದು ತೋಳುಗಳನ್ನು ಕೋಲಿನಂತೆ ನೆಟ್ಟಗಿಡುವುದಕ್ಕಿಂತ, ಬ್ರೇಕ್ ಹುಡ್ (ಬ್ರೇಕಿನ ಸನ್ನೆ ಕೂತಿರುವ ಹಿಡಿ) ಹಿಡಿದು ಮೊಣಕೈಗಳನ್ನು ಲಂಬಕೋನದವರೆಗೆ ಬಾಗಿಸಿ ಮುಂಗೈಗಳನ್ನು ನೆಲಕ್ಕೆ ಸಮಾನಾಂತರವಾಗಿ ಇಡುವುದು ಹೆಚ್ಚು ವೇಗ ಕೊಟ್ಟಿತು. ತೋಳುಗಳು ಹೀಗೆ ಮಲಗಿದಾಗ ಗಾಳಿಗೆ ಎದುರಾಗುವ ಅವುಗಳ ಉದ್ದ ಕುಗ್ಗುತ್ತದೆ, ಎದೆ ತಾನಾಗಿ ಕೆಳಗಿಳಿಯುತ್ತದೆ. ಅದರ ಜೊತೆಗೆ ಭುಜಗಳನ್ನು ಒಳಕ್ಕೆಳೆದು, ತಲೆಯನ್ನು ಅವುಗಳ ನಡುವೆ ತಗ್ಗಿಸಿ, ಕನ್ನಡಕದ ಮೇಲಂಚಿನ ಕೆಳಗಿನಿಂದ ರಸ್ತೆಯನ್ನು ನೋಡುವುದನ್ನು ರೂಢಿಸಿಕೊಂಡೆ.

ಇದರ ಲಾಭವನ್ನು ಅಂಕಿಗಳಲ್ಲಿ ಹೇಳುವುದಾದರೆ, ದೇಹದ ಮುಂಭಾಗದ ವಿಸ್ತೀರ್ಣವನ್ನು ಆಕಾರದ ಗುಣಾಂಕದಿಂದ ಗುಣಿಸಿ ಸಿಗುವ ಅಳತೆ (ಇದು ಇಳಿದಷ್ಟೂ ಗಾಳಿಯ ತಡೆ ಇಳಿಯುತ್ತದೆ) ಮಧ್ಯಮ ಗಾತ್ರದ ಸವಾರನಿಗೆ ನೆಟ್ಟನೆಯ ಭಂಗಿಯಲ್ಲಿ 0.38 ಚದರ ಮೀಟರ್, ಬಾಗಿದ ಭಂಗಿಯಲ್ಲಿ 0.32ರ ಆಸುಪಾಸಿನಲ್ಲಿರುತ್ತದೆ. ಅಷ್ಟು ಇಳಿಕೆಯಿಂದ, 25 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದವನು ಅದೇ ಶ್ರಮಕ್ಕೆ 26.3 ಕಿ.ಮೀ. ವೇಗ ಪಡೆಯುತ್ತಾನೆ, 60 ಕಿ.ಮೀ. ದಾರಿಯಲ್ಲಿ ಸುಮಾರು ಏಳು ನಿಮಿಷ ಉಳಿಯುತ್ತದೆ. ಇದೇ ಬದಲಾವಣೆ ಮಾಡಿಕೊಂಡ 35 ಕಿ.ಮೀ. ವೇಗದ ಸವಾರನಿಗೆ ಅದೇ ದಾರಿಯಲ್ಲಿ ಉಳಿಯುವುದು ಐದು ನಿಮಿಷ ಮಾತ್ರ, ಏಕೆಂದರೆ ಅವನು ರಸ್ತೆಯ ಮೇಲಿರುವ ಹೊತ್ತೇ ಕಡಿಮೆ. ‘ನಮ್ಮ ವೇಗಕ್ಕೆ ಇದೆಲ್ಲ ಬೇಡ’ ಎನ್ನುವವರಿಗೆ ನಾನು ತೋರಿಸುವುದು ಈ ಲೆಕ್ಕವನ್ನೇ.

ಆದರೆ ಬಾಗಿ ಕೂರುವುದಕ್ಕೆ ಬೆನ್ನು ಒಪ್ಪಬೇಕು. ಹ್ಯಾಂಡಲ್‌ಬಾರನ್ನು ಎತ್ತರಿಸಲು ಅದರ ಕೆಳಗೆ ಇಡುವ ಸ್ಪೇಸರ್ ಬಳೆಗಳನ್ನು ನಾನು ಒಂದೊಂದಾಗಿ ತೆಗೆದೆ. ಒಂದಕ್ಕೆ ಕುತ್ತಿಗೆ, ಸೊಂಟ ಹೊಂದಿಕೊಂಡ ಮೇಲಷ್ಟೇ ಮುಂದಿನದು. ಅರ್ಧ ತಾಸು ತಡೆದುಕೊಳ್ಳಲಾಗದ ತಗ್ಗು ಭಂಗಿಗಿಂತ ಇಡೀ ದಿನ ಉಳಿಸಿಕೊಳ್ಳಬಹುದಾದ ಸಾಧಾರಣ ಭಂಗಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬಟ್ಟೆಯಲ್ಲಿ ಮಾಡಬೇಕಾದದ್ದು ಸರಳ: ಪಟಪಟ ಬಡಿಯುವ ಮಳೆಯಂಗಿಯನ್ನು ಮಳೆ ನಿಂತ ಕೂಡಲೇ ಕಳಚಿ ಜೇಬಿಗೆ ಸೇರಿಸುವುದು, ಮೈಗೆ ಅಂಟುವ ಜೆರ್ಸಿ ತೊಡುವುದು. ಎತ್ತರದ ರಿಮ್‌ಗಳ ಚಕ್ರಗಳಿಂದ ಲಾಭವಿದೆಯಾದರೂ ಅಡ್ಡಗಾಳಿಯಲ್ಲಿ ಮುಂಚಕ್ರ ಎಳೆದಾಡುವುದರಿಂದ ನಾನು ಅವುಗಳ ತಂಟೆಗೆ ಹೋಗಿಲ್ಲ.

ಹಲವು ದಿನ ನಡೆಯುವ ಸೈಕಲ್ ಪಂದ್ಯವಾದ ಟೂರ್ ಡಿ ಫ್ರಾನ್ಸ್‌ನ 1989ರ ಆವೃತ್ತಿಯ ಕೊನೆಯ ದಿನ, ವರ್ಸೈನಿಂದ ಪ್ಯಾರಿಸ್‌ವರೆಗೆ ಒಬ್ಬೊಬ್ಬರೇ ಸಾಗುವ 24.5 ಕಿ.ಮೀ. ಓಟದಲ್ಲಿ, ಮೊಣಕೈ ಊರುವ ಏರೋ ಬಾರ್ ಬಳಸಿದ ಗ್ರೆಗ್ ಲೆಮಾಂಡ್ ಅದಿಲ್ಲದ ಲೊರಾಂ ಫಿನ್ಯೊನ್‌ಗಿಂತ 58 ಸೆಕೆಂಡು ಬೇಗ ಮುಟ್ಟಿ, ಇಡೀ ಪಂದ್ಯವನ್ನು ಒಟ್ಟಾರೆ 8 ಸೆಕೆಂಡುಗಳಿಂದ ಗೆದ್ದರು. ಅಂಥ ಬಾರ್ ನನ್ನ ಬಳಿಯೂ ಇದೆ, ಆದರೆ ಒಬ್ಬನೇ ಹೋಗುವಾಗ ಮಾತ್ರ ಹಾಕುತ್ತೇನೆ. ಕೈಗಳು ಬ್ರೇಕಿನಿಂದ ದೂರವಿರುವುದರಿಂದ ಗುಂಪಿನಲ್ಲಿ ಅದು ಅಪಾಯ. ಗುಂಪಿನಲ್ಲಂತೂ ಅದರ ಅಗತ್ಯವೂ ಇಲ್ಲ. ಮುಂದಿನವರ ಚಕ್ರಕ್ಕೆ ಒಂದು ಮೀಟರಿಗಿಂತ ಹತ್ತಿರ ಹೋದರೆ ಗಾಳಿಯ ಹೊರೆ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಗಾಳಿ ಓರೆಯಾಗಿ ಬೀಸುವಾಗ ಆ ಆಸರೆ ನೇರ ಹಿಂದೆ ಇರದೆ, ಗಾಳಿ ಬರುವ ಕಡೆಯದಲ್ಲದ, ಆಚೆ ಪಕ್ಕಕ್ಕೆ ಸರಿದಿರುತ್ತದೆ. ದಾರಿಯ ಆಯ್ಕೆ ಕೈಯಲ್ಲಿದ್ದರೆ, ಹೋಗುವಾಗ ಎದುರುಗಾಳಿ, ದಣಿದು ಮರಳುವಾಗ ಬೆನ್ನಗಾಳಿ ಸಿಗುವಂತೆ ನೋಡಿಕೊಳ್ಳುತ್ತೇನೆ.

ಕಡಿದಾದ ಏರಿನಲ್ಲಿ ಈ ಶಿಸ್ತನ್ನೆಲ್ಲ ಬದಿಗಿಡಬಹುದು. ಶೇ. 8ರ ಏರನ್ನು 10 ಕಿ.ಮೀ. ವೇಗದಲ್ಲಿ ಹತ್ತಲು ಬೇಕಾಗುವ ಸುಮಾರು 200 ವಾಟ್‌ಗಳಲ್ಲಿ ಗಾಳಿಯ ಪಾಲು ನಾಲ್ಕೈದು ವಾಟ್ ಅಷ್ಟೇ. ಅಲ್ಲಿ ನಾನು ಹ್ಯಾಂಡಲ್‌ಬಾರ್‌ನ ಮೇಲ್ಭಾಗ ಹಿಡಿದು, ಜೆರ್ಸಿಯ ಜಿಪ್ ಪೂರ್ತಿ ಇಳಿಸಿ, ನೆಟ್ಟಗೆ ಕುಳಿತು ಬೆನ್ನಿಗೆ ಬಿಡುವು ಕೊಡುತ್ತೇನೆ.