ಮೆಚ್ಚಿದ ಕಾದಂಬರಿಯನ್ನು ಇನ್ನೊಬ್ಬರ ಕೈಗಿಡುವ ಬಗೆ

ನಾವು ಓದಿ ಮೆಚ್ಚಿದ ಕಾದಂಬರಿಯನ್ನು ಯಾರಿಗಾದರೂ ಹೇಳುವ ಮೊದಲು, ಅವರು ಕಡೆಯದಾಗಿ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಅದನ್ನು ಎಲ್ಲಿಯವರೆಗೆ ಓದಿದ್ದರು ಎಂದು ಕೇಳಿಕೊಳ್ಳುವುದು ಒಳ್ಳೆಯದು. ‘ನಿಮಗೆ ಎಂಥ ಪುಸ್ತಕ ಇಷ್ಟ?’ ಎಂಬ ಪ್ರಶ್ನೆಗೆ ಜನ ಸಾಮಾನ್ಯವಾಗಿ ಹೇಳಿಕೊಳ್ಳಲು ಗೌರವವೆನಿಸುವ ಹೆಸರುಗಳನ್ನೇ ಹೇಳುತ್ತಾರೆ. ಬಿಟ್ಟ ಪುಸ್ತಕದ ವಿಷಯದಲ್ಲಿ ಸುಳ್ಳು ಹೇಳುವ ಗೋಜಿಗೆ ಹೋಗುವವರು ಕಡಿಮೆ. ಹತ್ತಿಪ್ಪತ್ತು ಪುಟಕ್ಕೇ ಬಿಟ್ಟಿದ್ದರೆ ಭಾಷೆ ತೊಡಕಾಗಿರುವ ಸಂಭವ ಹೆಚ್ಚು. ನೂರು ಪುಟ ದಾಟಿ ಬಿಟ್ಟಿದ್ದರೆ ಪಾತ್ರಗಳು ಒಂದರೊಳಗೊಂದು ಕಲಸಿಹೋಗಿರುತ್ತವೆ, ಇಲ್ಲವೇ ಮನೆಯಲ್ಲಿ ಮದುವೆಯೋ ಮಕ್ಕಳ ಪರೀಕ್ಷೆಯೋ ಬಂದಿರುತ್ತದೆ.

ಪಾತ್ರಗಳು ಕಲಸಿಹೋಗುವ ತೊಂದರೆಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನೇ ತೆಗೆದುಕೊಳ್ಳಿ. ಅದನ್ನು ಕೊಂಡು ತಂದು, ಅದರ ಆರಂಭದಲ್ಲೇ ಬರುವ ನಾಯಿಗುತ್ತಿ ಎಂಬ ಪಾತ್ರದ ಜೊತೆ ಒಂದಷ್ಟು ದೂರ ನಡೆದು, ಆಮೇಲೆ ಕಪಾಟಿಗೆ ಸೇರಿಸಿದವರು ನನ್ನ ಬಳಗದಲ್ಲೇ ಹಲವರಿದ್ದಾರೆ. ಅಂಥವರಿಗೆ ಪುಸ್ತಕ ಕೊಡುವಾಗ ಒಳಗೆ ಒಂದು ಹಾಳೆಯನ್ನೂ ಮಡಿಸಿಟ್ಟು ಕೊಡಿ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಹಾಳೆಯ ಉದ್ದಕ್ಕೂ ಕಾದಂಬರಿಯಲ್ಲಿ ಬರುವ ಊರುಗಳ ಹೆಸರುಗಳನ್ನು ಬರೆದು, ಒಂದೊಂದರ ಕೆಳಗೂ ಜಾಗ ಬಿಟ್ಟಿದ್ದರೆ, ಓದುತ್ತ ಹೋದಂತೆ ಅಲ್ಲಿಯ ಗೌಡರು, ಹೆಗ್ಗಡೆಯವರು, ಹೆಣ್ಣುಮಕ್ಕಳು, ಆಳುಗಳು ಎಲ್ಲರನ್ನೂ ಅವರವರ ಜಾಗದಲ್ಲಿ ಓದುವವರೇ ತುಂಬಿಕೊಳ್ಳುತ್ತಾರೆ. ಹಾಳೆಯ ಒಂದು ಬದಿ ತುಂಬುವ ಹೊತ್ತಿಗೆ ಅದರ ಅಗತ್ಯವೇ ಇರುವುದಿಲ್ಲ. ಗುತ್ತಿಯ ನಾಯಿ ಹುಲಿಯನ ವಿಷಯವಾಗಿ ಮಾತ್ರ ಒಂದು ಮಾತನ್ನೂ ಮುಂಚಿತವಾಗಿ ಆಡಬೇಡಿ.

ಭಾಷೆ ತೊಡಕಾಗಿದ್ದರೆ ಗಟ್ಟಿಯಾಗಿ ಓದಿ ಹೇಳುವುದಕ್ಕಿಂತ ಉತ್ತಮವಾದ ದಾರಿಯನ್ನು ನಾನು ಕಂಡಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ಯ ಆಡುನುಡಿಯನ್ನು ಕಣ್ಣಿನಲ್ಲಿ ಓದುವಾಗ ತಡವರಿಸುವವರು, ಅದೇ ಪುಟವನ್ನು ನಂಜನಗೂಡು ಕಡೆಯ ಗೆಳೆಯರೊಬ್ಬರ ಬಾಯಿಂದ ಕೇಳಿದಾಗ ನಗುತ್ತ ತಲೆದೂಗಿದ್ದನ್ನು ನೋಡಿದ್ದೇನೆ. ಜೋತಮ್ಮಂದಿರು, ಅಂದರೆ ಮನೆಮನೆಯ ದೀಪಗಳ ಜೀವಗಳು, ರಾತ್ರಿ ಒಂದೆಡೆ ಕೂಡಿ ಸುದ್ದಿ ಹೇಳಿಕೊಳ್ಳುವ ಭಾಗವನ್ನು ಆರಿಸಿಕೊಂಡರೆ ಸಾಕು, ಪುಸ್ತಕವನ್ನು ಹೊಗಳುವ ಅಗತ್ಯವೇ ಬೀಳುವುದಿಲ್ಲ.

ಒಂದು ಸಲಕ್ಕೆ ಒಂದೇ ಹೆಸರನ್ನು ಹೇಳಿ. ಐದು ಹೆಸರು ಹೇಳಿದರೆ ಅವರು ಅದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಮರೆಯುತ್ತಾರೆ. ಬಹಳ ದಿನಗಳಿಂದ ಕನ್ನಡ ಓದು ಬಿಟ್ಟುಹೋಗಿರುವವರಿಗೆ ನಾನು ಹೇಳುವುದು ತೇಜಸ್ವಿಯವರ ‘ಕರ್ವಾಲೊ’ (1980): ಚಿಕ್ಕ ಪುಸ್ತಕ, ಮೂಡಿಗೆರೆಯ ಜೇನು ಸೊಸೈಟಿಯಿಂದ ಹೊರಟು ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುತ್ತದೆ, ನಗಿಸುತ್ತದೆ.

ಮುಂದೆ ಯಾವುದನ್ನು ಓದಬೇಕು ಎಂಬುದನ್ನು ಆಗತಾನೆ ಮುಗಿಸಿದ ಪುಸ್ತಕದಿಂದಲೇ ಹುಡುಕಬಹುದು. ಅದೇ ಲೇಖಕರ ಇನ್ನೊಂದು ಕೃತಿಗೆ ಕೂಡಲೇ ಕೈಹಾಕುವ ಬದಲು, ಅದೇ ಸೀಮೆಯನ್ನು ಬೇರೊಂದು ಮನೆಯ ಒಳಗಿನಿಂದ ನೋಡಿದ ಕಾದಂಬರಿಯನ್ನು ಹಿಡಿಯುವುದು ನನ್ನ ಪದ್ಧತಿ. ‘ಮಲೆಗಳಲ್ಲಿ ಮದುಮಗಳು’ ಮುಗಿಸಿದವರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ತೆಗೆದುಕೊಂಡರೆ, ಅದೇ ಮಲೆನಾಡು ಈಗ ಬಾಲವಿಧವೆಯೊಬ್ಬಳ ಅಡುಗೆಮನೆಯಿಂದ, ಮಡಿಯ ಕಟ್ಟಳೆಗಳ ನಡುವಿನಿಂದ ಕಾಣತೊಡಗುತ್ತದೆ. ‘ಕರ್ವಾಲೊ’ ಓದಿ ಕಾಡಿನ ರುಚಿ ಹತ್ತಿದವರಿಗೆ ಕಾರಂತರ ‘ಬೆಟ್ಟದ ಜೀವ’ (1943) ಇದೆ. ಘಟ್ಟದ ಕೆಳಗೆ ಸುಬ್ರಹ್ಮಣ್ಯದ ಕಡೆ ಕಾಡು ಕಡಿದು ತೋಟ ಮಾಡಿದ ಮುದುಕ ಗೋಪಾಲಯ್ಯ ಅಲ್ಲಿ ಸಿಗುತ್ತಾರೆ. ಕಾರಂತರಿಗೆ 1977ರಲ್ಲಿ ಜ್ಞಾನಪೀಠ ತಂದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಿಂದಲೇ ಅವರನ್ನು ಓದಲು ತೊಡಗುವವರು ಹೆಚ್ಚು. ಕಥೆಗಿಂತ ವಿಚಾರವೇ ಮುಂದಾಗಿರುವ ಆ ಪುಸ್ತಕಕ್ಕೆ ಎರಡನೆಯ ಸರದಿ ಕೊಡುವುದು ಲೇಸೆಂದು ನನಗನ್ನಿಸುತ್ತದೆ.

ನಾಲ್ಕೈದು ಜನ ಸೇರಿ ಓದುವುದಾದರೆ, ಪ್ರತಿಯೊಬ್ಬರೂ ತಮ್ಮ ಆಯ್ಕೆಯ ಕಾದಂಬರಿಯಿಂದ ಎರಡೇ ಪುಟ ಓದಲಿ, ಉಳಿದವರು ಕೇಳಲಿ, ಆಮೇಲೆ ಚೀಟಿಯಲ್ಲಿ ಮತ ಹಾಕಲಿ. ಕೈಯೆತ್ತಿಸಿದರೆ ಹಿರಿಯರು ಹೇಳಿದ್ದೇ ಗೆಲ್ಲುತ್ತದೆ. ಎಲ್ಲರಿಗೂ ಸಾಕಾಗುವಷ್ಟು ಪ್ರತಿಗಳು ಸಿಗುತ್ತವೆಯೇ ಎಂದು ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಮೊದಲೇ ವಿಚಾರಿಸಿರಬೇಕು.

ಎರವಲು ಕೊಡುವಾಗ ಹೆಸರು, ತಾರೀಕು ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊಟ್ಟವರ ಸಂಕೋಚವೇ ಪುಸ್ತಕ ಕಳೆಯಲು ದೊಡ್ಡ ಕಾರಣ. ನನ್ನ ‘ಬೆಟ್ಟದ ಜೀವ’ ಹೀಗೆ ನಂಟರ ಮನೆಗೆ ಹೋದದ್ದು ನಾಲ್ಕು ವರ್ಷಗಳ ಮೇಲೆ ಹಿಂದಿರುಗಿ ಬಂತು. ರಟ್ಟು ತೆರೆದು ನೋಡಿದರೆ ಒಳಗೆ ಇನ್ನಾರದೋ ಹೆಸರಿತ್ತು.