ಮುದ್ದೆ ಹಾಗೇ ಇರಲಿ, ಕಾಫಿ ಒಂದು ಗಂಟೆ ತಡವಾಗಲಿ

ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸ, ಅಂದರೆ ಸರ್ಕಾರದ ಪೌಷ್ಟಿಕ ಆಹಾರದ ತಿಂಗಳು. ಅಂಗನವಾಡಿ ಮುಂದೆ ತರಕಾರಿ ಜೋಡಿಸಿ ರಂಗೋಲಿ ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತು. ಯಾರ ತಟ್ಟೆಯೂ ಬದಲಾಗುವುದಿಲ್ಲ. ಸ್ತ್ರೀಶಕ್ತಿ ಸಂಘವೋ ಯುವಕ ಸಂಘವೋ ನಿಜಕ್ಕೂ ಊರಿನ ಊಟ ಸುಧಾರಿಸಬೇಕೆಂದು ಹೊರಟಿದ್ದರೆ, ಹೊಸ ತಿನಿಸು ಕಲಿಸುವುದನ್ನು ಬಿಟ್ಟು ಈಗಾಗಲೇ ಒಲೆಯ ಮೇಲಿರುವ ಪಾತ್ರೆಯಿಂದ ಶುರು ಮಾಡಬೇಕು.

ಮೊದಲು ಹತ್ತು ಮನೆಗೆ ಹೋಗಿ. "ಸೊಪ್ಪು ತಿಂತೀರಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ನಿನ್ನೆ ಎದ್ದಾಗಿನಿಂದ ಮಲಗೋ ತನಕ ಏನೇನು ತಿಂದ್ರಿ ಅಕ್ಕ?" ಎಂದು ಕೇಳಿ, ಮನೆಯಾಕೆಯದೂ ಸಣ್ಣ ಮಗುವಿನದೂ ಬೇರೆಬೇರೆ ಬರೆದುಕೊಳ್ಳಿ. ಕೊನೆಗೆ ಉಣ್ಣುವವಳಿಗೆ ಸಾರಿನಲ್ಲಿ ಕಾಳು ಉಳಿದಿತ್ತೇ ಎಂಬುದು ಆಗ ಗೊತ್ತಾಗುತ್ತದೆ. ಅರಸೀಕೆರೆ, ಕಡೂರು ಕಡೆ ರಾಗಿಯ ಊಟ. ಸಕಲೇಶಪುರ, ಮೂಡಿಗೆರೆ ಕಡೆ ಅಕ್ಕಿ. ಎರಡು ಕಡೆಗೂ ಒಂದೇ ಚಾರ್ಟು ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ.

ಸಭೆಯ ಹೊತ್ತೂ ಮುಖ್ಯ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಹಗಲು ಕರೆದರೆ ತೋಟದ ಕೂಲಿಗಳ ಲೈನ್ ಮನೆಯಿಂದ ಯಾರೂ ಬರುವುದಿಲ್ಲ. ಬಟವಾಡೆಗೆ ಮುಂಚಿನ ಸಂಜೆ ಕೂರಿಸಿ. ಸಂತೆಗೆ ಹೋಗಿ ದುಡ್ಡು ಖರ್ಚಾದ ಮೇಲೆ ಕಾಳಿನ ಮಾತಾಡಿ ಪ್ರಯೋಜನವಿಲ್ಲ.

ಕಾಫಿ ಮತ್ತು ಕಬ್ಬಿಣದ ಮಾತ್ರೆ

ಚಿಕ್ಕಮಗಳೂರಿನಲ್ಲಿ ನಿಂತು ಕಾಫಿ ಬಿಡಿ ಎಂದವರ ಎರಡನೇ ಮಾತನ್ನು ಯಾರೂ ಕೇಳುವುದಿಲ್ಲ. ಬಿಡಿಸುವ ಅಗತ್ಯವೂ ಇಲ್ಲ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಸೊಪ್ಪು-ಕಾಳಿನ ಕಬ್ಬಿಣಕ್ಕೆ ಅಂಟಿಕೊಂಡು ಅದು ಮೈಗೆ ಹತ್ತದ ಹಾಗೆ ಮಾಡುತ್ತದೆ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಟ್ಟರೆ ಸಾಕು. ಊಟದಲ್ಲಿ ಅರ್ಧ ಹೋಳು ನಿಂಬೆಯೋ ಒಂದು ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಗರ್ಭಿಣಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಡಬ್ಬಿ ತುಂಬ ಮಾತ್ರೆ ಹಾಗೇ ಉಳಿಯುವುದಕ್ಕೆ ಎರಡು ಕಾರಣ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗಿ ಹೆದರಿಕೆಯಾಗುತ್ತದೆ. ಕಪ್ಪಾಗುವುದು ಸಹಜವೆಂದು ಮೊದಲ ದಿನವೇ ಹೇಳಿ. ತೊಳಸಿದರೆ ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ನುಂಗಲಿ. ಕ್ಯಾಲ್ಸಿಯಂ ಮಾತ್ರೆ, ಹಾಲು, ಕಾಫಿ ಯಾವುದರ ಜೊತೆಗೂ ಬೇಡ. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ; 7ಕ್ಕಿಂತ ಕೆಳಗಿಳಿದರೆ ಬಸ್ಸಾರಿನಿಂದ ಸರಿಹೋಗುವುದಿಲ್ಲ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಅಂಗಾಲಿನ ಮೂಲಕ ಕೊಕ್ಕೆಹುಳು ಒಳಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಚಪ್ಪಲಿಯೂ ಜಂತುಹುಳುವಿನ ಮಾತ್ರೆಯೂ ಇಲ್ಲದಿದ್ದರೆ ಎಷ್ಟು ಸೊಪ್ಪು ತಿಂದರೂ ಲೆಕ್ಕಕ್ಕಿಲ್ಲ.

ಸೊಪ್ಪು

ಬಸ್ಸಾರು ಮಾಡುವವರಿಗೆ ಅಡುಗೆ ಕಲಿಸಬೇಕಿಲ್ಲ. ಬೇಯಿಸಿದ ನೀರೇ ಸಾರಾಗುವುದರಿಂದ ಅದರಲ್ಲಿಳಿದ ಸತ್ವ ಪೋಲಾಗುವುದಿಲ್ಲ. ಪಲ್ಯಕ್ಕೆಂದು ಸೊಪ್ಪು ಬೇಯಿಸಿ ನೀರು ಚೆಲ್ಲುವ ಮನೆಗಳಲ್ಲಿ ಮಾತ್ರ ತಕರಾರು ಎತ್ತಿ. ಹಿತ್ತಿಲಿಗೆ ಬಯಲುಸೀಮೆಯಲ್ಲಿ ನುಗ್ಗೆ, ದಂಟು ಹಾಕಿಸಿ. ಮಲೆನಾಡಿನ ಮಳೆಯಲ್ಲಿ ನುಗ್ಗೆಯ ಬೇರು ನೀರು ನಿಂತು ಕೊಳೆಯುತ್ತದೆ. ಅಲ್ಲಿಗೆ ಬಸಳೆ, ಚಕ್ರಮುನಿ ಒಳ್ಳೆಯದು. ಚಕ್ರಮುನಿಯನ್ನು ಬೇಯಿಸಿಯೇ ತಿನ್ನಬೇಕು. ತೂಕ ಇಳಿಯಲೆಂದು ಹಸಿ ರಸ ಮಾಡಿ ದಿನಾ ಕುಡಿದವರ ಶ್ವಾಸಕೋಶ ಕೆಟ್ಟದ್ದು ತೈವಾನಿನಲ್ಲಿ ದಾಖಲಾಗಿದೆ.

ಮೊಳಕೆ ರಾಗಿ ಸರಿ

ಸಂಘ ಒಂದೇ ಒಂದು ಪ್ರಾತ್ಯಕ್ಷಿಕೆ ಮಾಡುವುದಾದರೆ ಇದನ್ನೇ ಮಾಡಲಿ. ಆರು ತಿಂಗಳು ತುಂಬುವ ತನಕ ಮಗುವಿಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಕೊಡುವ ಸರಿ, ಅಂದರೆ ಹಿಟ್ಟಿನ ಗಂಜಿ, ಗಟ್ಟಿಯಾಯಿತೆಂದು ತಾಯಂದಿರು ನೀರು ಸುರಿಯುತ್ತಾರೆ. ಅಂಗೈಯಷ್ಟು ಹೊಟ್ಟೆ ನೀರಿನಿಂದಲೇ ತುಂಬುತ್ತದೆ, ಹಿಟ್ಟು ಒಳಗೆ ಹೋಗಿರುವುದಿಲ್ಲ. ಮೊಳಕೆ ಬಂದ ರಾಗಿಯಲ್ಲಿ ಗಂಜಿಯನ್ನು ತೆಳ್ಳಗೆ ಮಾಡುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಮಗು ಸಲೀಸಾಗಿ ನುಂಗುತ್ತದೆ. ರಾಗಿಯ ಕ್ಯಾಲ್ಸಿಯಂ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ.

ಒಂದು ಕಿಲೋ ರಾಗಿಯನ್ನು ಕಲ್ಲು ಹೋಗುವಂತೆ ಗಾಳಿಸಿ ತೊಳೆದು ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ನೀರು ಪೂರ್ತಿ ಬಸಿದು ಒದ್ದೆ ಹತ್ತಿಬಟ್ಟೆಯಲ್ಲಿ ಕಟ್ಟಿಡಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಒಂದರಿಂದ ಒಂದೂವರೆ ದಿನಕ್ಕೆ ಮೊಳಕೆ ಬರುತ್ತದೆ, ಮಳೆಗಾಲದ ಚಳಿಗೆ ಎರಡು ದಿನವೂ ಆಗಬಹುದು. ಅಕ್ಕಿಕಾಳಿನಷ್ಟು ಉದ್ದ ಬಂದರೆ ನಿಲ್ಲಿಸಿ.

ಕೆಡುವುದು ಇಲ್ಲೇ. ನೀರು ಸರಿಯಾಗಿ ಬಸಿಯದಿದ್ದರೆ ಹುಳಿ ವಾಸನೆ ಬಂದು ಬೂಷ್ಟು ಹಿಡಿಯುತ್ತದೆ. ಬೇರೂ ಬಿಳಿ, ಬೂಷ್ಟೂ ಬಿಳಿ. ಬೇರು ಒಂದೊಂದು ಕಾಳಿನಿಂದ ಒಂದೊಂದು ಎಳೆಯಾಗಿ ಹೊರಟಿರುತ್ತದೆ. ಬೂಷ್ಟು ಕಾಳಿನಿಂದ ಕಾಳಿಗೆ ಜೇಡರ ಬಲೆಯಂತೆ ಹಬ್ಬಿರುತ್ತದೆ, ಮುಗ್ಗಲು ನಾತವಿರುತ್ತದೆ. ಅನುಮಾನ ಬಂದರೆ ಪೂರ್ತಿ ಎಸೆಯಿರಿ, ತೊಳೆದು ಬಳಸಬೇಡಿ. ಜಡಿಮಳೆಯ ತಿಂಗಳುಗಳಲ್ಲಿ ಕಾಲು ಕಿಲೋಗಿಂತ ಹೆಚ್ಚು ಕಟ್ಟಬೇಡಿ, ಒಣಗಿಸಲು ಆಗುವುದಿಲ್ಲ.

ತೆಳ್ಳಗೆ ಹರವಿ ಗರಿಗರಿಯಾಗುವವರೆಗೆ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಕೇರಿ ಹಾಕಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಬೆಚ್ಚಗೆ ಮಾಡಿ ಬೀಸಿ. ಕೆಂಪಗೆ ಹುರಿದರೆ ಕಿಣ್ವ ಸತ್ತು ಸರಿ ಮತ್ತೆ ಗಟ್ಟಿಯಾಗುತ್ತದೆ. ಕಾಲು ಕಿಲೋ ಹೆಸರುಕಾಳನ್ನು ಬೇರೆಯಾಗಿ ಹುರಿದು ಬೀಸಿ ಬೆರೆಸಿ. ಶೇಂಗಾ ಪುಡಿಯನ್ನು ಹಿಟ್ಟಿಗೆ ಮೊದಲೇ ಸೇರಿಸಿದರೆ ಬೇಗ ಕಮಟು ಹತ್ತುತ್ತದೆ, ಬೇಯಿಸುವಾಗ ಹಾಕಿಕೊಳ್ಳಲಿ.

ಎರಡು ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ತಿರುವಿ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯದೆ ನಿಧಾನಕ್ಕೆ ಜಾರಬೇಕು. ಕೊನೆಗೆ ಅರ್ಧ ಚಮಚ ತುಪ್ಪ. ಉಪ್ಪು, ಸಕ್ಕರೆ ಬೇಡ. ಒಂದು ವರ್ಷದೊಳಗೆ ಜೇನು ಖಂಡಿತ ಬೇಡ. ಆರರಿಂದ ಎಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರ ಮೇಲೆ ಮೂರು ನಾಲ್ಕು ಸಲ, ಎದೆಹಾಲಿನ ಜೊತೆಗೆ.

ರೇಷನ್ ಅಕ್ಕಿಯ 'ಪ್ಲಾಸ್ಟಿಕ್' ಕಾಳು

ಪಡಿತರದ ಅಕ್ಕಿಯಲ್ಲಿ ನೂರಕ್ಕೊಂದರಂತೆ ಬೇರೆ ಬಣ್ಣದ ಕಾಳು ಕಾಣುತ್ತದೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುವವರು ಊರೂರಲ್ಲೂ ಇದ್ದಾರೆ. ಅದು ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನಂತೆ ಒತ್ತಿದ್ದು. ವಾದ ಬೇಡ: ಹತ್ತು ಕಾಳು ಆರಿಸಿ ಎಲ್ಲರೆದುರು ಬೇಯಿಸಿ, ಬೆರಳಲ್ಲಿ ಹಿಸುಕಿಸಿ. ಮೂರು-ನಾಲ್ಕು ಸಲ ಉಜ್ಜಿ ತೊಳೆಯುವುದನ್ನೂ, ಗಂಜಿ ಬಸಿದು ಚೆಲ್ಲುವುದನ್ನೂ ಬಿಡಿಸಿ.

ಉಪ್ಪು

ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು. ಗ್ರಾಂ ಲೆಕ್ಕ ಯಾರಿಗೂ ತಲೆಗೆ ಹತ್ತುವುದಿಲ್ಲ, ಪೊಟ್ಟಣದ ಲೆಕ್ಕ ಹತ್ತುತ್ತದೆ. ಒಂದು ಕಿಲೋ ಉಪ್ಪು ನಾಲ್ಕು ಜನ ದೊಡ್ಡವರಿಗೆ 50 ದಿನ ಬರಬೇಕು. ಒಡೆದ ತಾರೀಖನ್ನು ಪೊಟ್ಟಣದ ಮೇಲೆ ಬರೆಸಿ. ತಿಂಗಳೊಳಗೆ ಖಾಲಿಯಾಗುವ ಮನೆಯಲ್ಲಿ ಬಿಪಿ ನೋಡಿಸಿ.

ತೋಳಿನ ಪಟ್ಟಿ

ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳು ಸೊರಗಿದ್ದಾರೆಯೇ ಎಂದು ತಿಳಿಯಲು ಅವರ ಎಡತೋಳಿನ ನಡುಭಾಗವನ್ನು ಅಳತೆಪಟ್ಟಿಯಿಂದ ಅಳೆಯಿರಿ, ಪಟ್ಟಿ ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅಂಗನವಾಡಿಗೆ ತಿಳಿಸಿ. 11.5ಕ್ಕಿಂತ ಕಡಿಮೆ ಬಂದರೆ ಅಥವಾ ಎರಡೂ ಪಾದ ಊದಿದ್ದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ. ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬಹುದು. ಎರಡು ವಾರ ಉಳಿಯಬೇಕಾದೀತು, ಬಹಳ ತಾಯಂದಿರು ಬೇಡವೆನ್ನುವುದು ಅದಕ್ಕೇ. ಕೂಲಿ ತಪ್ಪಿದ್ದಕ್ಕೆ ತಾಯಿಗೆ ಭತ್ಯೆ ಇದೆ, ಬ್ಯಾಂಕ್ ಪಾಸ್‌ಬುಕ್ ಜೊತೆಗೇ ಕಳಿಸಿ. ಮನೆಯಲ್ಲಿ ಉಳಿಯುವ ದೊಡ್ಡ ಮಕ್ಕಳಿಗೆ ಅನ್ನ ಹಾಕುವವರು ಯಾರು ಎಂಬುದನ್ನು ಸಂಘದಲ್ಲೇ ತೀರ್ಮಾನಿಸಿಕೊಂಡು, ಆಮೇಲೆ ಆಕೆಯ ಮನೆಗೆ ಹೋಗಿ.